ಕುಟುಂಬದ ಸೆಡಾನ್‌ಗೆ ಟರ್ಬೊ ಎಂಜಿನ್: ಯಾವ ಭಯ ಸರಿ, ಯಾವುದು ತಪ್ಪು?

ಪ್ರಶ್ನೆ: 2.4 ಲೀಟರ್ ಎಂಜಿನ್‌ನ ನಮ್ಮ ಹಳೆಯ ಸೆಡಾನ್ ಕಾರನ್ನು ಬದಲಿಸಬೇಕೆಂದಿದ್ದೇವೆ. ಮನೆಯಲ್ಲಿ ನಾವಿಬ್ಬರು, 10 ವರ್ಷದ ಮಗಳು, 3 ವರ್ಷದ ಮಗ ಮತ್ತು ಮಂಡಿನೋವಿರುವ ನನ್ನ ತಾಯಿ ಇದ್ದೇವೆ. ನಿತ್ಯದ ಓಡಾಟ ಕಚೇರಿ ಮತ್ತು ಶಾಲೆಗೆ, ಒಂದು ಸಲಕ್ಕೆ 5 ಕಿ.ಮೀ. ದಾಟುವುದಿಲ್ಲ. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಸುಮಾರು 300 ಕಿ.ಮೀ. ದೂರ ಹೋಗುತ್ತೇವೆ, ಆ ದಾರಿಯಲ್ಲಿ ಉದ್ದನೆಯ ಬೆಟ್ಟದ ಏರು ಇದೆ. ನಮಗೆ ಇಷ್ಟವಾದ ಹೊಸ ಸೆಡಾನ್ 1.5 ಲೀಟರ್ ಮತ್ತು 2.0 ಲೀಟರಿನ ಎರಡು ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಬರುತ್ತದೆ. ಚಿಕ್ಕ ಎಂಜಿನ್ನೇ ಹಳೆಯ 2.4 ಲೀಟರ್ ಎಂಜಿನ್‌ಗಿಂತ ಚುರುಕು, ಮೈಲೇಜ್ ಕೂಡ ಹೆಚ್ಚು ಎನ್ನುತ್ತಾರೆ ಮಾರುವವರು. ‘ಇಷ್ಟು ಚಿಕ್ಕ ಎಂಜಿನ್‌ಗೆ ಟರ್ಬೊ ಕೂರಿಸಿದರೆ ಒಂದು ಲಕ್ಷ ಕಿ.ಮೀ. ಆಗುವಷ್ಟರಲ್ಲಿ ಎಂಜಿನ್ ಬಿಚ್ಚಬೇಕಾಗುತ್ತದೆ’ ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. ಹಿಂದಕ್ಕೆ ಇಳಿಜಾರಾಗಿರುವ ಚಾವಣಿ ನೋಡಲು ಚೆಂದ, ಆದರೆ ತಾಯಿಗೆ ಹತ್ತಿ ಇಳಿಯಲು ತೊಂದರೆಯಾದೀತೇ ಎಂಬ ಅನುಮಾನವೂ ಇದೆ. ಟರ್ಬೊ ಕಾರಿನ ಆಸೆ ಬಿಡಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಂದು, ಎಂಜಿನ್ ಬಾಳಿಕೆ ಬರುತ್ತದೆಯೇ ಎಂಬುದು. ಇನ್ನೊಂದು, ಈ ಕಾರು ನಿಮ್ಮ ಮನೆಯವರಿಗೆ ಒಗ್ಗುತ್ತದೆಯೇ ಎಂಬುದು. ಮೊದಲನೆಯದರ ಬಗ್ಗೆ ನೀವು ಅಗತ್ಯಕ್ಕಿಂತ ಹೆಚ್ಚು ಹೆದರಿದ್ದೀರಿ. ಎರಡನೆಯದರ ಬಗ್ಗೆ ಇನ್ನಷ್ಟು ಯೋಚಿಸಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ.

ಮೆಕ್ಯಾನಿಕ್ ಹೇಳಿದ ಮಾತು ಹುಟ್ಟಿದ್ದು ಸುಳ್ಳಿನಿಂದಲ್ಲ, ಹಳೆಯ ಅನುಭವದಿಂದ. ಎಂಜಿನ್ ಹೊರಬಿಡುವ ಹೊಗೆಯ ಬಲದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನೊಳಗೆ ತುಂಬುವ ಉಪಾಯಕ್ಕೆ, ಅಂದರೆ ಟರ್ಬೊಗೆ, ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಪ್ರಯಾಣಿಕ ಕಾರುಗಳಲ್ಲಿ ಅದು ಮೊದಲು ಮಾರಾಟಕ್ಕೆ ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕೊರ್ವೇರ್ ಮೊಂಜಾ ಕಾರುಗಳಲ್ಲಿ. ಜೆಟ್‌ಫೈರ್‌ನಲ್ಲಿ ಎಂಜಿನ್ ಬಡಿತ (ಪೆಟ್ರೋಲ್ ಮಿಶ್ರಣ ಅಕಾಲದಲ್ಲಿ ಹೊತ್ತಿಕೊಂಡು ಏಳುವ ಬಡಿತ) ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಪ್ರತ್ಯೇಕ ಟ್ಯಾಂಕಿನಲ್ಲಿ ತುಂಬಿಸಿಕೊಳ್ಳಬೇಕಿತ್ತು. ಮುಂದೆ ಬಂದ ಎಷ್ಟೋ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಟರ್ಬೊವಿನ ಬೇರಿಂಗ್ ತಣ್ಣಗಾಗಲು ಆಯಿಲ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ, ಆ ಆಯಿಲ್ ಕೂಡ ಇಂದಿನ ಸಿಂಥೆಟಿಕ್ ಆಯಿಲ್‌ನಂತೆ ಶಾಖ ತಡೆಯುತ್ತಿರಲಿಲ್ಲ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ಬಂದವರು ಕೂಡಲೇ ಎಂಜಿನ್ ಆರಿಸಿದರೆ ಹರಿವು ನಿಂತ ಆಯಿಲ್ ಕಾದ ಬೇರಿಂಗಿನಲ್ಲೇ ಸೀದು ಕರಿಯಾಗುತ್ತಿತ್ತು. ಅಂಥ ಟರ್ಬೊಗಳನ್ನು ಸಾಲುಸಾಲಾಗಿ ಬಿಚ್ಚಿದ ತಲೆಮಾರಿನ ಮೆಕ್ಯಾನಿಕ್‌ಗಳು ಟರ್ಬೊ ಎಂದರೆ ಬೆಚ್ಚುವುದು ಸಹಜ.

ಇಂದಿನ ಸ್ಥಿತಿ ಬೇರೆ. ಬೇರಿಂಗ್ ಕವಚದ ಸುತ್ತ ಎಂಜಿನ್ನನ್ನು ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಹರಿಯುತ್ತದೆ. ಹಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಒಂದು ವಿದ್ಯುತ್ ಪಂಪು ಸ್ವಲ್ಪ ಹೊತ್ತು ಕೂಲೆಂಟನ್ನು ತಿರುಗಿಸುತ್ತದೆ. ಲಾರಿ ಮತ್ತು ಬಸ್ಸುಗಳ ಡೀಸೆಲ್ ಎಂಜಿನ್‌ಗಳು ದಶಕಗಳಿಂದ ಟರ್ಬೊವಿನ ಬಲದಲ್ಲೇ ಲಕ್ಷಾಂತರ ಕಿ.ಮೀ. ಭಾರ ಎಳೆಯುತ್ತಿವೆ. ಪೆಟ್ರೋಲ್ ಎಂಜಿನ್ನಿನ ಹೊಗೆ ಡೀಸೆಲ್‌ಗಿಂತ ಬಿಸಿ, ಪೂರ್ಣ ಭಾರದಲ್ಲಿ 900 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು ಎಂಬುದು ನಿಜ; ಅದಕ್ಕೆ ತಕ್ಕ ಲೋಹವನ್ನೇ ಈಗ ಬಳಸುತ್ತಾರೆ. ಆದ್ದರಿಂದ ‘ಟರ್ಬೊ ಎಂದರೆ ಒಂದು ಲಕ್ಷ ಕಿ.ಮೀ.ಗೆ ಮುಗಿಯಿತು’ ಎಂಬ ಲೆಕ್ಕಕ್ಕೆ ಈಗ ಆಧಾರವಿಲ್ಲ.

ಹಾಗೆಂದು ಅದು ಏನನ್ನಾದರೂ ಸಹಿಸಿಕೊಳ್ಳುವ ಬಿಡಿಭಾಗವೂ ಅಲ್ಲ. ಚಿಕ್ಕ ಕಾರ್ ಟರ್ಬೊವಿನ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸು ತಿರುಗಬಲ್ಲದು, ಮತ್ತು ಆ ಶಾಫ್ಟನ್ನು ಹಿಡಿದಿರುವುದು ಕೂದಲೆಳೆಯಷ್ಟು ಆಯಿಲ್ ಪದರ ಮಾತ್ರ. ನಾನು ಬಿಚ್ಚಿ ನೋಡಿರುವ ಕೆಟ್ಟ ಟರ್ಬೊಗಳಲ್ಲಿ ಟರ್ಬೊ ತಾನಾಗಿಯೇ ಸೋತದ್ದು ಕಡಿಮೆ. ಶಾಫ್ಟ್ ನೀಲಿಗಟ್ಟಿರುತ್ತದೆ, ಬೇರಿಂಗಿನ ಮೇಲೆ ಉಗುರಿನಿಂದ ಕೆರೆದರೂ ಬಿಡದ ಕಪ್ಪು ಪದರ ಕೂತಿರುತ್ತದೆ. ಆಯಿಲ್ ಒಳಬರುವ ಸಣ್ಣ ಕೊಳವೆಯನ್ನು ಬಿಚ್ಚಿದರೆ, ಅದರ ಬೋಲ್ಟಿನೊಳಗೆ ಜಾಲರಿ ಇರುವ ಎಂಜಿನ್‌ಗಳಲ್ಲಿ ಆ ಜಾಲರಿ ಅರ್ಧಕ್ಕರ್ಧ ಕಟ್ಟಿಕೊಂಡಿರುತ್ತದೆ. ಆಯಿಲ್ ಬದಲಿಸುವುದನ್ನು ಮುಂದೂಡಿದ್ದೋ, ತಯಾರಕರು ಹೇಳದ ದರ್ಜೆಯ ಆಯಿಲ್ ಹಾಕಿಸಿದ್ದೋ, ಏರ್ ಫಿಲ್ಟರ್ ಸರಿಯಾಗಿ ಕೂರದೆ ಧೂಳು ನುಗ್ಗಿದ್ದೋ ಅಲ್ಲಿ ಬರೆದಿಟ್ಟಷ್ಟು ಸ್ಪಷ್ಟವಾಗಿ ಕಾಣುತ್ತದೆ. ಇಂಥದ್ದಕ್ಕೆ ಹೊಸ ಟರ್ಬೊ ಹಾಕಿ, ಕೊಳವೆಯನ್ನು ಶುಚಿ ಮಾಡದೆ ಬಿಟ್ಟರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ನಿಮ್ಮ ವಿಷಯದಲ್ಲಿ ನನಗೆ ಟರ್ಬೊಗಿಂತ ಹೆಚ್ಚಾಗಿ ಚಿಂತೆ ಹುಟ್ಟಿಸಿದ್ದು ಆ 5 ಕಿ.ಮೀ. ಓಡಾಟ. ಇಂದಿನ ಬಹುತೇಕ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಸಿಂಪಡಿಸಲಾಗುತ್ತದೆ. ಎಂಜಿನ್ ತಣ್ಣಗಿರುವಾಗ ಆ ಹನಿಗಳಲ್ಲಿ ಒಂದು ಪಾಲು ಆವಿಯಾಗದೆ ಸಿಲಿಂಡರಿನ ಗೋಡೆಗೆ ಅಂಟಿ, ಪಿಸ್ಟನ್ ರಿಂಗಿನ ಸಂದಿಯಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿ ಅರ್ಧ ಗಂಟೆ ಓಡಿದರೆ ಹೀಗೆ ಸೇರಿದ ಪೆಟ್ರೋಲಿನ ಬಹುಪಾಲು ಆವಿಯಾಗಿ ಹೋಗುತ್ತದೆ. ಆಯಿಲ್ ಬಿಸಿಯಾಗುವ ಮೊದಲೇ ದಿನವೂ ಎಂಜಿನ್ ಆರಿಸುತ್ತಿದ್ದರೆ ಅದು ಅಲ್ಲೇ ಉಳಿದು ಆಯಿಲನ್ನು ತೆಳುವಾಗಿಸುತ್ತದೆ. ತೆಳುವಾದ ಆಯಿಲ್ ಮೊದಲು ಕೈಕೊಡುವುದು ಅದೇ ಟರ್ಬೊ ಬೇರಿಂಗಿನಲ್ಲಿ. ಚಳಿ ಹೆಚ್ಚಿರುವ ಕಡೆಗಳಲ್ಲಿ ಇದು ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮಟ್ಟ ಇಳಿಯುವ ಬದಲು ಮೇಲಿನ ಗುರುತನ್ನು ದಾಟಿ ಏರಿದ್ದರೆ, ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ, ಇದೇ ನಡೆಯುತ್ತಿದೆ ಎಂದು ತಿಳಿಯಬೇಕು.

ಇದಕ್ಕೆ ಪರಿಹಾರವಿದೆ, ಕಷ್ಟದ್ದೂ ಅಲ್ಲ. ಕಾರಿನ ಕೈಪಿಡಿಯಲ್ಲಿ ಸಾಮಾನ್ಯ ಬಳಕೆಗೊಂದು, ಕಠಿಣ ಬಳಕೆಗೊಂದು ಎಂದು ಆಯಿಲ್ ಬದಲಿಸುವ ಎರಡು ಗಡುವುಗಳು ಇರುತ್ತವೆ. ಕಠಿಣ ಬಳಕೆ ಎಂದರೆ ರೇಸಿನಂತೆ ಓಡಿಸುವುದು ಎಂದು ತಿಳಿದವರೇ ಹೆಚ್ಚು. ಹಲವು ಕೈಪಿಡಿಗಳ ಪ್ರಕಾರ ನಿಮ್ಮ 5 ಕಿ.ಮೀ. ಓಡಾಟವೇ ಕಠಿಣ ಬಳಕೆ. ಆ ಚಿಕ್ಕ ಗಡುವನ್ನೇ ಪಾಲಿಸಿ, ಕಿ.ಮೀ. ಲೆಕ್ಕ ತುಂಬದಿದ್ದರೂ ತಿಂಗಳ ಲೆಕ್ಕ ತುಂಬಿದ ಕೂಡಲೇ ಆಯಿಲ್ ಬದಲಿಸಿ. ವಾರಕ್ಕೊಮ್ಮೆಯಾದರೂ ಕಾರನ್ನು ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಸರಾಗವಾದ ರಸ್ತೆಯಲ್ಲಿ ಓಡಿಸಿ. ನೇರ ಸಿಂಪಡಣೆಯ ಎಂಜಿನ್‌ಗಳಲ್ಲಿ ಒಳಬರುವ ಗಾಳಿಯ ವಾಲ್ವುಗಳನ್ನು ತೊಳೆಯಲು ಪೆಟ್ರೋಲ್ ಸಿಗದ ಕಾರಣ ಅವುಗಳ ಬೆನ್ನಿನ ಮೇಲೆ ಮಸಿ ಕೂರುತ್ತದೆ. ತಯಾರಕರಲ್ಲಿ ಕೆಲವರು ಇದಕ್ಕಾಗಿಯೇ ವಾಲ್ವುಗಳ ಮೇಲೂ ಪೆಟ್ರೋಲ್ ಸಿಂಪಡಿಸುವ ಎರಡನೆಯ ಇಂಜೆಕ್ಟರ್ ಇಡುತ್ತಾರೆ. ನೀವು ನೋಡಿರುವ ಕಾರಿನಲ್ಲಿ ಅದಿದೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಆಯಿಲ್ ದರ್ಜೆಯ ಬಗ್ಗೆ ಇನ್ನೊಂದು ಮಾತು. ಚಿಕ್ಕ ಟರ್ಬೊ ಎಂಜಿನ್‌ಗಳಲ್ಲಿ, ಕಡಿಮೆ ಸುತ್ತಿನಲ್ಲಿ ಹೆಚ್ಚು ಭಾರ ಬಿದ್ದಾಗ, ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಮೊದಲೇ ಸಿಲಿಂಡರಿನೊಳಗಿನ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವ ತೊಂದರೆ ಕಂಡುಬಂದಿತ್ತು. ಒಂದೆರಡು ಬಾರಿ ಜೋರಾಗಿ ಆದರೂ ಪಿಸ್ಟನ್ ಒಡೆಯಬಲ್ಲದು. ಆಯಿಲ್‌ನಲ್ಲಿ ಶುಚಿಕಾರಕವಾಗಿ ಬಳಸುತ್ತಿದ್ದ ಕ್ಯಾಲ್ಸಿಯಂ ಸಂಯುಕ್ತಗಳಿಗೂ ಇದಕ್ಕೂ ನಂಟಿದೆ ಎಂದು ತಿಳಿದ ಮೇಲೆ ಆಯಿಲ್‌ನ ಸೂತ್ರವನ್ನೇ ಬದಲಿಸಿ, 2018ರಲ್ಲಿ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎನ್ ಪ್ಲಸ್, 2020ರಲ್ಲಿ ಎಪಿಐ ಎಸ್‌ಪಿ ಎಂಬ ದರ್ಜೆಗಳನ್ನು ತಂದರು. ಡಬ್ಬದ ಮೇಲೆ ಎಸ್‌ಪಿ ಅಥವಾ ಅದಕ್ಕಿಂತ ಈಚಿನ ದರ್ಜೆ, ಜೊತೆಗೆ ಕೈಪಿಡಿ ಹೇಳುವ ದಪ್ಪದ ಸಂಖ್ಯೆ, ಎರಡೂ ಇರಬೇಕು. ಚಾಲಕರ ಕೈಯಲ್ಲಿರುವುದು ಇಷ್ಟೇ: ಏರುದಾರಿಯಲ್ಲಿ ನಿಮಿಷಕ್ಕೆ 1,200 ಸುತ್ತಿನಲ್ಲಿ ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿ ಎಂಜಿನ್ನನ್ನು ನರಳಿಸದೆ, ಒಂದು ಗೇರ್ ಇಳಿಸಿ ಓಡಿಸುವುದು. ಕಡಿಮೆ ಸುತ್ತಿನಲ್ಲಿ ಎಳೆಯುವ ಶಕ್ತಿ ಇದೆ ಎಂಬ ಕಾರಣಕ್ಕೆ ಬಹಳ ಜನ ಇದಕ್ಕೆ ತದ್ವಿರುದ್ಧವಾಗಿ ಓಡಿಸುತ್ತಾರೆ.

ಮನೆ ತಲುಪಿದ ಮೇಲೆ ಐದು ನಿಮಿಷ ಎಂಜಿನ್ ಆರಿಸದೆ ನಿಲ್ಲಿಸಬೇಕೆಂಬ ಹಳೆಯ ನಿಯಮ ನಿತ್ಯದ ಓಡಾಟಕ್ಕೆ ಈಗ ಬೇಕಿಲ್ಲ. ಉದ್ದನೆಯ ಏರು ಹತ್ತಿದ ಕೂಡಲೇ ಅಥವಾ ಹೆದ್ದಾರಿಯ ವೇಗದಿಂದ ನೇರವಾಗಿ ತಂಗುದಾಣಕ್ಕೆ ಬಂದು ನಿಂತಾಗ ಮಾತ್ರ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಕಾರಿಗೆ ಕೂಲೆಂಟ್ ಪಂಪು ಇದ್ದರೂ ಈ ಒಂದು ನಿಮಿಷದಿಂದ ನಷ್ಟವಿಲ್ಲ. ಬೆಳಿಗ್ಗೆ ಹೊರಟಾಗ ಮೊದಲ ಕೆಲವು ಕಿ.ಮೀ. ಹಗುರವಾಗಿ ಓಡಿಸುವುದು ಇದಕ್ಕಿಂತ ಮುಖ್ಯ.

ಇನ್ನು ಶಕ್ತಿಯ ವಿಚಾರ. ಮಾರುವವರ ಮಾತಿನಲ್ಲಿ ಸತ್ಯವಿದೆ. ಹೋಂಡಾ ಅಕಾರ್ಡ್ ಕಾರಿನ 2018ರ ಅಮೆರಿಕ ಮಾದರಿಯಲ್ಲಿ ಇದೇ ಬದಲಾವಣೆ ಆಯಿತು, ಹೋಲಿಕೆಗೆ ಅದು ಅನುಕೂಲ. ಅದರ ಹಿಂದಿನ ಮಾದರಿಯ 2.4 ಲೀಟರ್ ಎಂಜಿನ್ 185 ಅಶ್ವಶಕ್ತಿ ಮತ್ತು ಸುಮಾರು 245 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುತ್ತಿತ್ತು, ಆದರೆ ಆ ಟಾರ್ಕ್ ಪೂರ್ತಿ ಸಿಗಲು ಎಂಜಿನ್ 3,900 ಸುತ್ತು ತಲುಪಬೇಕಿತ್ತು. ಅದರ ಜಾಗಕ್ಕೆ ಬಂದ 1.5 ಲೀಟರ್ ಟರ್ಬೊ 192 ಅಶ್ವಶಕ್ತಿ ಮತ್ತು 260 ನ್ಯೂಟನ್ ಮೀಟರ್ ಕೊಟ್ಟಿತು, ಅದೂ 1,600 ಸುತ್ತಿನಿಂದಲೇ. 3.5 ಲೀಟರಿನ, ಆರು ಸಿಲಿಂಡರಿನ ವಿ6 ಎಂಜಿನ್ ಬದಲಿಗೆ ಬಂದ 2.0 ಲೀಟರ್ ಟರ್ಬೊದಲ್ಲಿ ಅಶ್ವಶಕ್ತಿ 278ರಿಂದ 252ಕ್ಕೆ ಇಳಿಯಿತು, ಟಾರ್ಕ್ ಮಾತ್ರ ಸುಮಾರು 340ರಿಂದ 370ಕ್ಕೆ ಏರಿತು. ಐದು ಜನ ಕೂತು ಡಿಕ್ಕಿ ತುಂಬಿದ ಕಾರು ಏರು ಹತ್ತುವಾಗ ಅಶ್ವಶಕ್ತಿಯ ಗರಿಷ್ಠ ಅಂಕಿಗಿಂತ, ಕಡಿಮೆ ಸುತ್ತಿನಲ್ಲೇ ಕೈಗೆಟಕುವ ಈ ಟಾರ್ಕ್ ನಿಮಗೆ ಉಪಯೋಗಕ್ಕೆ ಬರುವುದು. ಸಮುದ್ರಮಟ್ಟದಿಂದ 1,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ 14ರಷ್ಟು ಕಡಿಮೆ ಇರುತ್ತದೆ; ಟರ್ಬೊ ಇಲ್ಲದ ಎಂಜಿನ್ ಬಹುತೇಕ ಅಷ್ಟೇ ಶಕ್ತಿ ಕಳೆದುಕೊಂಡರೆ, ಟರ್ಬೊ ಹೆಚ್ಚು ಒತ್ತಡ ಹಾಕಿ ಆ ಕೊರತೆಯ ದೊಡ್ಡ ಪಾಲನ್ನು ತುಂಬಿಕೊಡುತ್ತದೆ. ಬೆಟ್ಟದ ದಾರಿಗೆ ಟರ್ಬೊ ಒಪ್ಪುವುದು ಇದೇ ಕಾರಣಕ್ಕೆ.

ಮೈಲೇಜ್ ಬಗೆಗಿನ ಮಾತನ್ನು ಮಾತ್ರ ಅರ್ಧ ನಂಬಿ. ಪರೀಕ್ಷೆಯ ಓಟದಲ್ಲಿ ಎಂಜಿನ್ ಮೇಲೆ ಭಾರ ಕಡಿಮೆ, ಆಗ ಟರ್ಬೊ ಸುಮ್ಮನಿರುವುದರಿಂದ ಅದು ಕೇವಲ 1.5 ಲೀಟರ್ ಎಂಜಿನ್‌ನಂತೆ ಪೆಟ್ರೋಲ್ ಕುಡಿಯುತ್ತದೆ. ಭಾರ ಏರಿ ಟರ್ಬೊ ಕೆಲಸಕ್ಕಿಳಿದಾಗ ಒಳಹೋಗುವ ಗಾಳಿ ಹೆಚ್ಚಿ, ಅದಕ್ಕೆ ತಕ್ಕಂತೆ ಪೆಟ್ರೋಲೂ ಹೆಚ್ಚುತ್ತದೆ. ತೀರಾ ಹೆಚ್ಚು ಭಾರದಲ್ಲಿ ಹೊಗೆಯ ಶಾಖ ಇಳಿಸುವುದಕ್ಕಾಗಿ ಅನೇಕ ಎಂಜಿನ್‌ಗಳು ಉರಿಯಲು ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲ್ ಸಿಂಪಡಿಸುತ್ತವೆ. ಹೀಗಾಗಿ ಒಂದೇ ಕಾರಿನಲ್ಲಿ ಇಬ್ಬರು ಚಾಲಕರಿಗೆ ಸಿಗುವ ಮೈಲೇಜಿನ ಅಂತರ ಟರ್ಬೊ ಕಾರುಗಳಲ್ಲಿ ದೊಡ್ಡದಿರುತ್ತದೆ. ಪೆಟ್ರೋಲಿನ ಆಕ್ಟೇನ್, ಅಂದರೆ ಅಕಾಲದಲ್ಲಿ ಹೊತ್ತಿಕೊಳ್ಳದೆ ತಡೆಯುವ ಗುಣದ ಅಳತೆ, ಕೂಡ ಲೆಕ್ಕಕ್ಕೆ ಬರುತ್ತದೆ: ಮಾಜ್ದಾ6 ಕಾರಿನ 2.5 ಲೀಟರ್ ಟರ್ಬೊಗೆ ತಯಾರಕರೇ ಹೆಚ್ಚು ಆಕ್ಟೇನ್ ಪೆಟ್ರೋಲಿನಲ್ಲಿ 250, ಸಾಮಾನ್ಯ ಪೆಟ್ರೋಲಿನಲ್ಲಿ 227 ಅಶ್ವಶಕ್ತಿ ಎಂದು ಘೋಷಿಸಿದ್ದರು. ನೀವು ನೋಡಿರುವ ಕಾರಿನ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಕನಿಷ್ಠ ಆಕ್ಟೇನ್ ಎಷ್ಟೆಂದು ಬರೆದಿದ್ದರೆ ಓದಿ. ದುಬಾರಿ ಪೆಟ್ರೋಲ್ ಕಡ್ಡಾಯವಾಗಿದ್ದರೆ ಮೈಲೇಜಿನ ಉಳಿತಾಯ ಅಲ್ಲಿಗೇ ಸರಿಹೋಗುತ್ತದೆ.

2.0 ಲೀಟರ್ ಎಂಜಿನ್ ನಿಮಗೆ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದು ಕೆಟ್ಟ ಎಂಜಿನ್ ಎಂದಲ್ಲ. ಮುಂದಿನ ಎರಡು ಚಕ್ರಗಳ ಮೇಲೇ ಅಷ್ಟು ಟಾರ್ಕ್ ಬಿದ್ದಾಗ ಒದ್ದೆ ರಸ್ತೆಯಲ್ಲಿ ಚಕ್ರ ಜಾರುವುದೂ ಸ್ಟೇರಿಂಗ್ ಒಂದು ಬದಿಗೆ ಎಳೆಯುವುದೂ ಇದ್ದದ್ದೇ, ಮತ್ತು ನಿಮ್ಮ ಓಡಾಟದಲ್ಲಿ ಆ ಶಕ್ತಿಯ ಅರ್ಧವನ್ನೂ ನೀವು ಬಳಸುವುದಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ, ಇಂಥ ಕಾರುಗಳಲ್ಲಿ ದೊಡ್ಡ ಎಂಜಿನ್ ಜೊತೆ ಸಾಮಾನ್ಯವಾಗಿ 19 ಇಂಚಿನ ಚಕ್ರಗಳೂ ಬರುತ್ತವೆ. ಚಕ್ರ ದೊಡ್ಡದಾದಷ್ಟೂ ಟೈರಿನ ಪಕ್ಕದ ರಬ್ಬರ್ ಗಿಡ್ಡವಾಗುತ್ತದೆ. ಗುಂಡಿಗೆ ಬಿದ್ದಾಗ ಏಟು ನೇರ ರಿಮ್ಮಿಗೆ, ಅಲ್ಲಿಂದ ಹಿಂದೆ ಕೂತವರ ಬೆನ್ನಿಗೆ. ಮಂಡಿನೋವಿನ ಹಿರಿಯರನ್ನು ಕೂರಿಸಿಕೊಂಡು ಹೋಗುವ ಕಾರಿಗೆ 17 ಇಂಚಿನ ಚಕ್ರವೇ ಸೂಕ್ತ, ನೋಡಲು ಎಷ್ಟೇ ಸಪ್ಪೆ ಅನಿಸಿದರೂ ಸರಿ.

ಈಗ ಚಾವಣಿಯ ವಿಷಯ. ಹಿಂದಕ್ಕೆ ಹರಿಯುವ ಆ ರೇಖೆ ಅಂದಕ್ಕಾಗಿ ಮಾತ್ರ ಬಂದದ್ದಲ್ಲ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. ಇಂದಿನ ಮಧ್ಯಮ ಗಾತ್ರದ ಸೆಡಾನ್‌ಗಳ ಗಾಳಿ ಪ್ರತಿರೋಧದ ಗುಣಾಂಕ ಸಾಮಾನ್ಯವಾಗಿ 0.30ಕ್ಕಿಂತ ಕಡಿಮೆ ಇರಲು, ಹೆದ್ದಾರಿಯಲ್ಲಿ ಎತ್ತರದ ಎಸ್‌ಯುವಿಗಿಂತ ಕಡಿಮೆ ಸದ್ದು ಮತ್ತು ಕಡಿಮೆ ಪೆಟ್ರೋಲಿನಲ್ಲಿ ಓಡಲು, ಈ ಆಕಾರದ್ದೂ ಪಾಲಿದೆ. ಅದರ ಬೆಲೆ ತೆರುವವರು ಹಿಂದಿನ ಸೀಟಿನವರು. ಚಾವಣಿ ಇಳಿದಂತೆ ಬಾಗಿಲಿನ ಮೇಲಂಚೂ ಇಳಿಯುತ್ತದೆ. ತಲೆ ತಾಗದಿರಲು ಸೀಟನ್ನು ತಗ್ಗಿಸಿರುತ್ತಾರೆ. ಒಳಗೆ ಕೂತ ಮೇಲೆ ಜಾಗ ಸಾಕಷ್ಟಿರುತ್ತದೆ, ಕಾಲು ಚಾಚುವಷ್ಟೂ ಇರುತ್ತದೆ; ಕಷ್ಟವೆಲ್ಲ ಕೂರುವ ಮತ್ತು ಏಳುವ ಆ ಕೆಲವು ಕ್ಷಣಗಳದ್ದು. ಮಂಡಿ ನೋಯುವವರಿಗೆ ತಲೆ ಬಗ್ಗಿಸಿಕೊಂಡೇ ತಗ್ಗಿನಿಂದ ಏಳುವುದು ಎರಡು ಪಟ್ಟು ಶ್ರಮ.

ಇದನ್ನು ಅಂಕಿಗಳ ಪಟ್ಟಿ ನೋಡಿ ನಿರ್ಧರಿಸಲಾಗುವುದಿಲ್ಲ. ಮೊದಲು ಮನೆಯಲ್ಲಿ ನಿಮ್ಮ ತಾಯಿಯವರು ಯಾರ ಸಹಾಯವೂ ಇಲ್ಲದೆ ಏಳಬಲ್ಲ ಕುರ್ಚಿಯ ಎತ್ತರವನ್ನು ಟೇಪ್ ಹಿಡಿದು ಅಳೆಯಿರಿ. ಕಾರು ನೋಡಲು ಹೋದಾಗ ನೆಲದಿಂದ ಹಿಂದಿನ ಸೀಟಿನ ಅಂಚಿಗೆ ಎಷ್ಟಿದೆ ಎಂದು ಅಳೆದು ಹೋಲಿಸಿ. ಆಮೇಲೆ ಅವರನ್ನೇ ಕರೆದುಕೊಂಡು ಹೋಗಿ, ಒಮ್ಮೆಯಲ್ಲ, ಮೂರ್ನಾಲ್ಕು ಬಾರಿ ಹತ್ತಿಸಿ ಇಳಿಸಿ ನೋಡಿ. ಮೊದಲ ಸಲ ಎಲ್ಲರೂ ಸಂಕೋಚಕ್ಕೆ ‘ಚೆನ್ನಾಗಿದೆ’ ಎನ್ನುತ್ತಾರೆ. ಏಳುವಾಗ ಅವರ ಕೈ ಯಾವುದನ್ನು ಹಿಡಿಯಲು ಹುಡುಕುತ್ತದೆ ಎಂಬುದನ್ನು ಗಮನಿಸಿ. ಮುಂದಿನ ಸೀಟಿನ ಬಾಗಿಲು ಸಾಮಾನ್ಯವಾಗಿ ಎತ್ತರ, ಆ ಸೀಟನ್ನು ಮೇಲಕ್ಕೇರಿಸುವ ಅನುಕೂಲವೂ ಹಲವು ಕಾರುಗಳಲ್ಲಿದೆ. ಆದ್ದರಿಂದ ಅವರನ್ನು ಮುಂದೆ ಕೂರಿಸುವುದು ಒಳ್ಳೆಯ ಪರಿಹಾರ. ಆಗ ಹಿಂದೆ ಒಬ್ಬ ದೊಡ್ಡವರು, ಮಗಳು ಮತ್ತು ಮಗುವಿನ ಸೀಟು. ಮಗುವಿನ ಸೀಟನ್ನು ಕಾರಿಗೆ ಬಿಗಿಯುವ ಐಸೊಫಿಕ್ಸ್ ಕೊಕ್ಕೆಗಳು ಸಾಮಾನ್ಯವಾಗಿ ಎರಡು ಬದಿಗಳಲ್ಲಿ ಮಾತ್ರ ಇರುವುದರಿಂದ ಮಗುವಿನ ಸೀಟು ಒಂದು ಬದಿ ಹಿಡಿಯುತ್ತದೆ, ಮಧ್ಯದಲ್ಲಿ ನೆಲ ಉಬ್ಬಿರುವ ಜಾಗ ಮಗಳ ಪಾಲಿಗೆ. ಮಗುವಿನ ಸೀಟನ್ನು ಮನೆಯಿಂದಲೇ ಒಯ್ದು, ಕೂರಿಸಿ, ಪಕ್ಕದಲ್ಲಿ ಇಬ್ಬರೂ ಕೂತು ಬೆಲ್ಟ್ ಕೊಂಡಿ ಕೈಗೆ ಸಿಗುತ್ತದೆಯೇ ಎಂದು ನೋಡದೆ ಮುಂಗಡ ಕೊಡಬೇಡಿ.

ಡಿಕ್ಕಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಈ ಗಾತ್ರದ ಸೆಡಾನ್‌ಗಳಲ್ಲಿ ಅದು ದೊಡ್ಡದೇ ಇರುತ್ತದೆ, ಮೇಲೆ ಹೇಳಿದ ಅಕಾರ್ಡ್‌ನಲ್ಲಿ 470 ಲೀಟರ್ ದಾಟುತ್ತದೆ. ಲೀಟರಿಗಿಂತ ಬಾಯಿಯ ಅಳತೆ ನೋಡಿ: ಹಿಂದಿನ ಗಾಜು ಬಹಳ ಹಿಂದಕ್ಕೆ ಚಾಚಿರುವ ವಿನ್ಯಾಸದಲ್ಲಿ ಡಿಕ್ಕಿಯ ಬಾಯಿ ಕಿರಿದಾಗುತ್ತದೆ, ಮಗುವಿನ ತಳ್ಳುಗಾಡಿ ಅಡ್ಡ ಸಿಕ್ಕಿಕೊಳ್ಳುತ್ತದೆ.

ನಿಮ್ಮ ಮುಂದೆ ಈಗ ಮೂರು ದಾರಿಗಳಿವೆ. ಮೊದಲನೆಯದು 1.5 ಲೀಟರ್ ಟರ್ಬೊ. ಆಯಿಲ್ ಗಡುವನ್ನು ಶಿಸ್ತಿನಿಂದ ಪಾಲಿಸುತ್ತೀರಿ, ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸುತ್ತೀರಿ ಎಂದಾದರೆ ಇದನ್ನು ಧೈರ್ಯವಾಗಿ ಕೊಳ್ಳಬಹುದು. ಬೆಟ್ಟದ ದಾರಿಯಲ್ಲಿ ಹಳೆಯ ಕಾರಿಗಿಂತ ಸುಲಭವಾಗಿ ಓಡುತ್ತದೆ. ಎರಡನೆಯದು ಟರ್ಬೊ ಇಲ್ಲದ 2.5 ಲೀಟರ್ ಎಂಜಿನ್‌ನ ಸೆಡಾನ್. ಏರಿನಲ್ಲಿ ಸದ್ದು ಮಾಡುತ್ತದೆ, ಹಿಂದಿಕ್ಕಲು ಗೇರ್ ಇಳಿಸಬೇಕಾಗುತ್ತದೆ, ಆದರೆ ಆರೈಕೆಯಲ್ಲಿ ತುಸು ಹೆಚ್ಚುಕಡಿಮೆಯಾದರೂ ಸಹಿಸಿಕೊಳ್ಳುತ್ತದೆ. ಮೂರನೆಯದು ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್, ಟೊಯೊಟಾ ಕ್ಯಾಮ್ರಿಯಂಥ ಕಾರು ಅಮೆರಿಕದಲ್ಲಿ 2025ರ ಮಾದರಿಯಿಂದ ಹೈಬ್ರಿಡ್ ಆಗಿ ಮಾತ್ರ ಬರುತ್ತಿದೆ. ನಿಂತು ಹೊರಡುವ ಚಿಕ್ಕ ಓಡಾಟದಲ್ಲಿ ಪೆಟ್ರೋಲ್ ಉಳಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಉದ್ದನೆಯ ಏರಿನಲ್ಲಿ ಬ್ಯಾಟರಿಯ ಸಹಾಯ ಮುಗಿದ ಮೇಲೆ ಎಂಜಿನ್ ಒಂದೇ ಸಮನೆ ಗುರುಗುಟ್ಟುವುದು ಕೆಲವರಿಗೆ ಹಿಡಿಸುವುದಿಲ್ಲ. ತಿಂಗಳ ದೂರದ ಪ್ರಯಾಣ ತಪ್ಪಿ, ಕಾರು ಬರೀ 5 ಕಿ.ಮೀ. ಓಡಾಟಕ್ಕೇ ಉಳಿಯುವ ಸಾಧ್ಯತೆ ಇದ್ದರೆ ನಾನು ಟರ್ಬೊ ಬಿಟ್ಟು ಹೈಬ್ರಿಡ್ ಆರಿಸುತ್ತೇನೆ. ಈಗ ನೀವು ಬರೆದಿರುವಂತೆಯೇ ಓಡಾಟ ಇರುತ್ತದೆಂದರೆ 1.5 ಲೀಟರ್ ಟರ್ಬೊ, 17 ಇಂಚಿನ ಚಕ್ರಗಳೊಂದಿಗೆ.

ಟರ್ಬೊ ಕಾರನ್ನೇ ಕೊಂಡರೆ ಕೆಲವು ಲಕ್ಷಣಗಳ ಮೇಲೆ ಕಣ್ಣಿಡಿ. ವೇಗ ಏರುವಾಗ ಸಣ್ಣ ಶಿಳ್ಳೆ ಸಹಜ. ಅದು ದಿನದಿಂದ ದಿನಕ್ಕೆ ಜೋರಾಗಿ ಸೈರನ್ನಿನಂತಾದರೆ ಸಹಜವಲ್ಲ. ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಕೊಳವೆಯೊಳಗೆ ತೆಳುವಾದ ಆಯಿಲ್ ಪಸೆ ಕಂಡರೆ ಹೆದರಬೇಕಿಲ್ಲ, ಎಂಜಿನ್ನಿನ ಒಳಗಾಳಿ ಹೊರಹೋಗುವ ದಾರಿಯಿಂದ ಅದು ಬರುತ್ತದೆ. ಆಯಿಲ್ ತೊಟ್ಟಿಕ್ಕುವಷ್ಟಿದ್ದರೆ, ಹಿಂದಿನಿಂದ ನೀಲಿ ಹೊಗೆ ಬಂದರೆ, ಏರಿನಲ್ಲಿ ಇದ್ದಕ್ಕಿದ್ದಂತೆ ಎಳೆತ ಕುಗ್ಗಿದರೆ ಓಡಿಸುವುದನ್ನು ನಿಲ್ಲಿಸಿ ತೋರಿಸಿ. ಕುಗ್ಗಿದ ಎಳೆತಕ್ಕೆ ಕಾರಣ ಎಷ್ಟೋ ಸಲ ಸಡಿಲವಾದ ಒಂದು ರಬ್ಬರ್ ಕೊಳವೆಯಷ್ಟೇ ಆಗಿರುತ್ತದೆ, ಹಾಗಾಗಿ ಟರ್ಬೊ ಹೋಗಿದೆ ಎಂದು ಯಾರಾದರೂ ಹೇಳಿದರೆ ಕೊಳವೆಗಳ ಒತ್ತಡ ಪರೀಕ್ಷೆ ಆಗಿದೆಯೇ ಎಂದು ಮೊದಲು ಕೇಳಿ.